ವಿದ್ಯುದ್ವಾರ ವಿಭವದಲ್ಲಿ ಮೊದಲಿಗನಾದ ಲಿಥಿಯಂ ನೀರಿನಲ್ಲೇಕೆ ನಿಧಾನ?

ಪ್ರಶ್ನೆ
ಕ್ಷಾರ ಲೋಹಗಳ (ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ ಮೊದಲಾದವು) ಗುಂಪಿನಲ್ಲಿ ಕೆಳಗಿಳಿದಂತೆ ಕ್ರಿಯಾಶೀಲತೆ ಹೆಚ್ಚುತ್ತದೆ ಎಂದು ಪಠ್ಯದಲ್ಲಿದೆ. ಲಿಥಿಯಂ ನೀರಿನ ಮೇಲೆ ಗುಳ್ಳೆ ಬಿಡುತ್ತ ತೇಲಿದರೆ, ಪೊಟ್ಯಾಸಿಯಂ ನಸುನೇರಳೆ ಜ್ವಾಲೆಯೊಂದಿಗೆ ಹೊತ್ತಿಕೊಳ್ಳುತ್ತದೆ. ಆದರೆ ವಿದ್ಯುದ್ವಾರ ವಿಭವಗಳ (ನೀರಿನಲ್ಲಿ ಎಲೆಕ್ಟ್ರಾನ್ ಬಿಡುವ ಒಲವಿನ ಅಳತೆ; ಹೆಚ್ಚು ಋಣವಾದಷ್ಟೂ ಒಲವು ಹೆಚ್ಚು) ಪಟ್ಟಿಯಲ್ಲಿ ಲಿಥಿಯಂನದು −3.04, ಪೊಟ್ಯಾಸಿಯಂನದು −2.93, ಸೋಡಿಯಂನದು −2.71 ವೋಲ್ಟ್. ಹಾಗಾದರೆ ಲಿಥಿಯಂ ಅತಿ ಪ್ರಬಲ ಅಪಕರ್ಷಣಕಾರಿ (ಎಲೆಕ್ಟ್ರಾನ್ ಕೊಡುವ ವಸ್ತು) ಆಗಬೇಕಲ್ಲವೇ? ಎರಡರಲ್ಲಿ ಯಾವುದನ್ನು ನಂಬಬೇಕು?

ಉತ್ತರ 1
ಎರಡನ್ನೂ ನಂಬಬಹುದು, ಅವು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರಗಳು. ವಿಭವವು ಕ್ರಿಯೆಯ ಆರಂಭ ಮತ್ತು ಅಂತ್ಯದ ನಡುವಿನ ಶಕ್ತಿಯ ಅಂತರವನ್ನು ತಿಳಿಸುತ್ತದೆಯೇ ಹೊರತು ವೇಗವನ್ನಲ್ಲ. ಘನ ಲೋಹವು ನೀರಿನಲ್ಲಿ ಅಯಾನಾಗಬೇಕಾದರೆ ಪರಮಾಣುಗಳು ಬಿಡಿಬಿಡಿಯಾಗಬೇಕು, ಎಲೆಕ್ಟ್ರಾನ್ ಕಳೆದುಕೊಳ್ಳಬೇಕು, ಬಳಿಕ ನೀರಿನ ಅಣುಗಳು ಅಯಾನನ್ನು ಸುತ್ತುವರಿಯಬೇಕು. ಲಿಥಿಯಂನಲ್ಲಿ ಮೊದಲೆರಡು ಹಂತಗಳಿಗೆ ಪ್ರತಿ ಮೋಲ್‌ಗೆ ಸುಮಾರು 159 ಮತ್ತು 520 ಕಿಲೋಜೂಲ್ ಬೇಕಾಗುತ್ತದೆ, ಇದು ದುಬಾರಿಯೇ. ಆದರೆ ಅದರ ಅಯಾನು ತೀರ ಚಿಕ್ಕದಾದ್ದರಿಂದ ನೀರಿನ ಅಣುಗಳು ಅದಕ್ಕೆ ಬಿಗಿಯಾಗಿ ಅಂಟಿಕೊಂಡು ಸುಮಾರು 520 ಕಿಲೋಜೂಲ್ ಮರಳಿಸುತ್ತವೆ. ಹೀಗೆ ಕೂಡಿ ಕಳೆದರೆ ಲಿಥಿಯಂಗೆ ಉಳಿಯುವ ವೆಚ್ಚ ಸುಮಾರು 160, ಪೊಟ್ಯಾಸಿಯಂಗೆ 185, ಸೋಡಿಯಂಗೆ 195 ಕಿಲೋಜೂಲ್. ಸೋಡಿಯಂ ಪಟ್ಟಿಯಲ್ಲಿ ಹಿಂದೆ ಬೀಳುವುದೂ ಇದರಿಂದಲೇ.

ಉತ್ತರ 2
ವೇಗದ ವಿಷಯ ಸೇರಿಸುತ್ತೇನೆ. ಲಿಥಿಯಂ ಕರಗಲು ಸುಮಾರು 180 ಡಿಗ್ರಿ ಸೆಲ್ಸಿಯಸ್ ಬೇಕು. ಸೋಡಿಯಂಗೆ 98, ಪೊಟ್ಯಾಸಿಯಂಗೆ 63.5 ಸಾಕು. ಕ್ರಿಯೆಯ ಶಾಖಕ್ಕೇ ಈ ಎರಡು ಲೋಹಗಳು ದ್ರವವಾಗಿ, ನೀರಿಗೆ ಸದಾ ಹೊಸ ಮೈಯೊಡ್ಡುತ್ತವೆ. ಲಿಥಿಯಂ ಗಟ್ಟಿಯಾಗಿಯೇ ಉಳಿಯುತ್ತದೆ. ಎಲೆಕ್ಟ್ರಾನ್ ಬಿಡಿಸಲು ಬೇಕಾದ ಶಕ್ತಿಯೂ ಕೆಳಗಿಳಿದಂತೆ ಕಡಿಮೆಯಾಗಿ ಸೀಸಿಯಂನಲ್ಲಿ 376 ಕಿಲೋಜೂಲ್‌ಗೆ ಇಳಿಯುತ್ತದೆ. ಸೋಡಿಯಂ, ಪೊಟ್ಯಾಸಿಯಂ ನೀರಿನಲ್ಲಿ ಸ್ಫೋಟಿಸುವುದಕ್ಕೆ ಕ್ರಿಯೆಯಲ್ಲಿ ಹೊಮ್ಮುವ ಹೈಡ್ರೋಜನ್ ಉರಿಯುವುದೊಂದೇ ಕಾರಣ ಎಂಬ ವಿವರಣೆ ಮಾತ್ರ ಅಪೂರ್ಣ. ಜೆಕ್ ರಸಾಯನವಿಜ್ಞಾನಿ ಪಾವೆಲ್ ಯುಂಗ್‌ವಿರ್ತ್ ಅವರ ತಂಡ 2015ರಲ್ಲಿ ಸೋಡಿಯಂ-ಪೊಟ್ಯಾಸಿಯಂ ಮಿಶ್ರಲೋಹದ ಹನಿಗಳನ್ನು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದಾಗ, ನೀರು ಮುಟ್ಟಿದ ಮಿಲಿಸೆಕೆಂಡಿನೊಳಗೇ ಹನಿಯಿಂದ ಲೋಹದ ಮುಳ್ಳಿನಂಥ ಚಾಚುಗಳು ಚಿಮ್ಮಿದ್ದು ಕಂಡಿತು. ಎಲೆಕ್ಟ್ರಾನುಗಳು ನೀರಿಗೆ ಜಾರಿದ ಮೇಲೆ ಉಳಿದ ಧನಾವೇಶಗಳು ಪರಸ್ಪರ ವಿಕರ್ಷಿಸಿ ಹನಿಯನ್ನೇ ಸಿಡಿಸುತ್ತವೆ ಎಂಬುದು ಅವರ ವಿವರಣೆ.

ಉತ್ತರ 3
ಎಲೆಕ್ಟ್ರಾನ್ ಪಡೆಯುವ ಹ್ಯಾಲೋಜನ್‌ಗಳಲ್ಲೂ (ಫ್ಲೋರಿನ್, ಕ್ಲೋರಿನ್ ಮೊದಲಾದವು) ಇಂಥದ್ದೇ ತೊಡಕಿದೆ. ಎಲೆಕ್ಟ್ರಾನ್ ಪಡೆದಾಗ ಕ್ಲೋರಿನ್ 349 ಕಿಲೋಜೂಲ್ ಬಿಟ್ಟರೆ ಫ್ಲೋರಿನ್ ಬಿಡುವುದು 328 ಮಾತ್ರ. ಆದರೂ ಫ್ಲೋರಿನ್‌ನ ಅಣುಬಂಧ ಮುರಿಯಲು 159 ಸಾಕು, ಕ್ಲೋರಿನ್‌ಗೆ 243 ಬೇಕು. ಜೊತೆಗೆ ಚಿಕ್ಕ ಫ್ಲೋರೈಡ್ ಅಯಾನನ್ನು ನೀರು ಬಲವಾಗಿ ಹಿಡಿಯುತ್ತದೆ. ಹಾಗಾಗಿ ಒಟ್ಟು ಲೆಕ್ಕದಲ್ಲಿ ನೀರಿನಲ್ಲಿ ಎಲೆಕ್ಟ್ರಾನ್ ಸೆಳೆಯುವುದರಲ್ಲಿ ಫ್ಲೋರಿನ್ನೇ ಮುಂದು.