ಪೂಲ್ ಬೇಲಿ ಪಕ್ಕ ತುಳಸಿ ಕುಂಡ ಇಡಬಹುದಾ?

ಪ್ರಶ್ನೆ: ಸರ್, ಹೋದ ತಿಂಗಳು ಸಿಡ್ನಿಯಲ್ಲಿ ಸ್ವಿಮ್ಮಿಂಗ್ ಪೂಲ್ ಇರುವ ಮನೆಗೆ ಬಾಡಿಗೆಗೆ ಬಂದೆವು. ಮಗನಿಗೆ 3 ವರ್ಷ. ಬೇಲಿ, ಗೇಟು ನಿಯಮದಂತೆ ಇವೆ ಅನ್ನುವ ಪೂಲ್ ಸರ್ಟಿಫಿಕೇಟ್ ಕೊಟ್ಟಿದ್ದಾರೆ. ಆದರೂ ಮೊನ್ನೆ ಬಂದ ಗೆಳೆಯರೊಬ್ಬರು ಬೇಲಿ ಪಕ್ಕದ ತುಳಸಿ ಕುಂಡ ನೋಡಿ, "ಇದನ್ನ ಇಲ್ಲಿ ಇಡಬಾರದು" ಅಂದರು. ಹೌದಾ? ಬೇಲಿಯ ಗೇಟು ದಡಾರ್ ಅಂತ ಬಡಿಯುತ್ತೆ ಅಂತ ಅತ್ತೆ ಅದು ಮುಚ್ಚದಂತೆ ಒಂದು ಕಲ್ಲು ಬೇರೆ ಇಟ್ಟಿದ್ದಾರೆ.

ಉತ್ತರ (ಪೂಲ್ ಇನ್‌ಸ್ಪೆಕ್ಟರ್): ಮೊದಲು ಆ ಕಲ್ಲು ತೆಗೆಯಿರಿ, ಆಮೇಲೆ ಮುಂದೆ ಓದಿ.

ಗೇಟು ಪೂಲಿನಿಂದ ಹೊರಕ್ಕೆ ತೆರೆಯಬೇಕು, ಬಿಟ್ಟ ಕೂಡಲೇ ತಾನೇ ಮುಚ್ಚಿ ಚಿಲಕ ಬೀಳಬೇಕು. ಬಳಸದಾಗ ಅದನ್ನು ಮುಚ್ಚಿಡುವ ಹೊಣೆ ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದ ಕಾನೂನಿನಲ್ಲಿ ವಾಸ ಇರುವವರದ್ದು, ಅಂದರೆ ನಿಮ್ಮದು.

ಇನ್ನು ಕುಂಡ. ಬೇಲಿ ಹೊರಗಿನಿಂದ ಅಳೆದರೆ ಕನಿಷ್ಠ 1.2 ಮೀಟರ್ ಎತ್ತರ ಇರಬೇಕು. ಅರ್ಧ ಮೀಟರ್ ಕುಂಡದ ಮೇಲೆ ಹತ್ತಿದ ಮಗುವಿಗೆ ಉಳಿಯುವುದು 70 ಸೆಂಟಿಮೀಟರ್ ಅಷ್ಟೇ! ಅದಕ್ಕೇ ಬೇಲಿಯಿಂದ 900 ಮಿಲಿಮೀಟರ್ ಒಳಗೆ ಕಾಲಿಟ್ಟು ಹತ್ತುವಂಥದ್ದು ಏನೂ ಇರಬಾರದು. ಕುರ್ಚಿ, ಆಟದ ಕಾರು, ಕೆಳಗೆ ಬಾಗಿದ ಕೊಂಬೆ, ಯಾವುದೂ. ಬೇಲಿಯ ಕೆಳಗಿನ ಸಂದು 100 ಮಿಲಿಮೀಟರ್ ಮೀರಬಾರದು. ಮಳೆಗೆ ಮಣ್ಣು ಕೊಚ್ಚಿ ಹೋದರೆ ಅದು ಹಿಗ್ಗುತ್ತದೆ, ಆಗಾಗ ಬಗ್ಗಿ ನೋಡಿ.

ಸರ್ಟಿಫಿಕೇಟ್ 3 ವರ್ಷ ನಡೆಯುತ್ತೆ, ನಿಜ. ಆದರೆ ತಪಾಸಣೆ ದಿನ ನಿಮ್ಮ ಕುಂಡ ಅಲ್ಲಿರಲಿಲ್ಲ, ಅಲ್ವಾ?

ಇನ್ನೊಬ್ಬರ ಪ್ರಶ್ನೆ: ನಮ್ಮದು ಗಾಳಿ ತುಂಬಿಸುವ ಪೂಲ್ ಸರ್, ಬೇಸಿಗೆಗೆ ಮಾತ್ರ. ಅದಕ್ಕೂ ಬೇಲಿ ಬೇಕಾ?

ಉತ್ತರ: 300 ಮಿಲಿಮೀಟರ್‌ಗಿಂತ ಜಾಸ್ತಿ ಆಳ ನೀರು ಹಿಡಿಯುವಂಥದ್ದಾದರೆ ಬೇಕು. ನೀವು ಎಷ್ಟು ತುಂಬಿಸ್ತೀರಿ ಅನ್ನೋದು ಲೆಕ್ಕಕ್ಕಿಲ್ಲ, ಎಷ್ಟು ತುಂಬಬಹುದು ಅನ್ನೋದು ಲೆಕ್ಕ. ಅಂಗಡಿಯಲ್ಲಿ ಡಬ್ಬದ ಮೇಲೆ ಆಳ ನೋಡಿ ತನ್ನಿ. ಸುಮ್ನೆ ಚಿಕ್ಕದು ತಂದು, ಆಟ ಮುಗಿದ ಕೂಡಲೇ ಬೋರಲು ಹಾಕಿಬಿಡಿ.

ಮೊದಲ ಪ್ರಶ್ನೆಯವರು: ತುಳಸಿ ಬಟ್ಟೆ ಒಣಗಿಸುವ ತಂತಿ ಕಡೆಗೆ ಹೋಯ್ತು ಸರ್. ಕಲ್ಲೂ ತೆಗೆದೆವು. ಆದರೆ ಮೆಲ್ಲಗೆ ಬಿಟ್ಟರೆ ಗೇಟು ನಾಲ್ಕು ಬೆರಳು ಸಂದು ಬಿಟ್ಟು ನಿಂತುಬಿಡುತ್ತೆ.

ಉತ್ತರ: ಜೋರಾಗಿ ಬಿಟ್ಟರೆ ಮುಚ್ಚುತ್ತೆ, ಮೆಲ್ಲಗೆ ಬಿಟ್ಟರೆ ಇಲ್ಲ ಅಂದರೆ ಅದು ಫೇಲ್. ಹೆಚ್ಚಾಗಿ ಹಿಂಜಿನ ಸ್ಪ್ರಿಂಗ್ ಸಡಿಲ ಆಗಿರುತ್ತೆ, ಇಲ್ಲವೇ ಗೇಟು ಜೋತುಬಿದ್ದಿರುತ್ತೆ. ರಿಪೇರಿ ಮಾಲೀಕರ ಕೆಲಸ. ವಿಡಿಯೋ ಮಾಡಿ ಇವತ್ತೇ ಏಜೆಂಟ್‌ಗೆ ಇಮೇಲ್ ಹಾಕಿ. ಸರಿಯಾಗುವ ತನಕ ಪ್ರತಿ ಸಲ ಕೈಯಿಂದ ಎಳೆದು, ಚಿಲಕದ ಟಕ್ ಶಬ್ದ ಕೇಳಿದ ಮೇಲೇ ಮನೆಯೊಳಗೆ ಬನ್ನಿ.