ಮೋಟರಿಗೆ ಜ್ವರ, ರಿಮೋಟಿಗೆ ಬರೆ

ಸೀನ: ಮೋಟರ್ ಹಾಕಿದ ರೋಲಿಂಗ್ ಶಟರ್ ಏಳದಿದ್ರೆ ಮೊದಲನೇ ಚಿಕಿತ್ಸೆ ಗೊತ್ತಲ್ಲ? ರಿಮೋಟನ್ನ ಅಂಗೈಗೆ ನಾಲ್ಕು ಸಲ ಕುಟ್ಟೋದು.

ಮಂಜ: ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋ ಜಾತಿ ನೀನು. ಗೋಡೆ ಬಟನ್ ಒತ್ತಿ ನೋಡೋ ಮೊದಲು. ಅದರಲ್ಲಿ ಓಡಿದ್ರೆ ಮೋಟರ್ ನಿರಪರಾಧಿ.

ಸೀನ: ರಿಮೋಟಲ್ಲಿ ದೀಪ ಉರಿಯುತ್ತಲ್ಲ!

ರಾಜಣ್ಣ: ದೀಪಕ್ಕೇನು, ಕೊನೇ ಉಸಿರಲ್ಲೂ ಉರಿಯುತ್ತೆ. 12 ವೋಲ್ಟಿನ ಸೆಲ್ 10ಕ್ಕೆ ಇಳಿದಿದ್ರೆ, ಶಟರಿಗೆ ಮೂಗು ತಾಗಿಸಿ ಒತ್ತಬೇಕಾಗುತ್ತೆ. ಹೊಸದು ತರುವಾಗ 23ಎ ನೋ 27ಎ ನೋ ನೋಡ್ಕೊಳ್ಳಿ. ಎರಡೂ 12 ವೋಲ್ಟೇ, 27 ತೆಳ್ಳಗಿರುತ್ತೆ; 23ರ ಜಾಗದಲ್ಲಿ ಲೊಡಲೊಡ ಅನ್ನುತ್ತೆ.

ಮಂಜ: ಸೆಲ್ ಸರಿಯಿದ್ದೂ ದೂರದಿಂದ ಕೇಳದಿದ್ರೆ ರಿಮೋಟಿನ ಮಾತು ಕೇಳಿಸಿಕೊಳ್ಳೋ ರಿಸೀವರಿನ ಆಂಟೆನಾ ತಂತಿ ನೋಡು. ರಿಮೋಟಿನ ಅಲೆ 433 ಮೆಗಾಹರ್ಟ್ಸಿಂದಾದ್ರೆ ಅದಕ್ಕೆ ಸುಮಾರು 17 ಸೆಂ.ಮೀ. ಬೇಕು, ನೆಟ್ಟಗೆ. ಅಂದ ಅಂತ ಸುರುಳಿ ಸುತ್ತಿ ತಗಡಿನ ಡಬ್ಬಿಗೆ ತುರುಕೋ ಪುಣ್ಯಾತ್ಮರಿದಾರೆ.

ಸೀನ: ಗೋಡೆ ಬಟನ್ನಿಗೆ ‘ಗುಂಯ್’ ಅಂದು ಸುಮ್ಮನಾದ್ರೆ?

ರಾಜಣ್ಣ: ತಕ್ಷಣ ಕೈ ತೆಗಿ! ಗುಂಯ್ ಅನ್ನಿಸ್ತಾನೇ ಇದ್ರೆ ಒಳಗಿನ ತಾಮ್ರದ ಸುತ್ತು, ಅದೇ ವೈಂಡಿಂಗ್, ಸುಟ್ಟು ಊರಿಗೆಲ್ಲ ವಾಸನೆ. ಕರೆಂಟು ಕಡಿಯೋ ಸ್ವಿಚ್ಚು ಎಂಸಿಬಿ ಇಳಿಸಿ ಕೈ ಸರಪಳಿ ಎಳಿ. ಹಗುರವಾಗಿ ಬಂದ್ರೆ ಮೋಟರಿಗೆ ಹೊರಡೋ ನೂಕು ಕೊಡೋ ಕೆಪಾಸಿಟರ್ ಮೇಲೇ ಅನುಮಾನ. ಬಿಗಿಯಿದ್ರೆ ಪಟ್ಟಿ ಸೊಟ್ಟಗಾಗಿ ಪಕ್ಕದ ಗಾಡಿಯಲ್ಲಿ, ಅಂದ್ರೆ ಗೈಡಲ್ಲಿ, ಸಿಕ್ಕಿಕೊಂಡಿದೆ, ಇಲ್ಲಾ ಬ್ರೇಕ್ ಬಿಡ್ತಿಲ್ಲ.

ಮಂಜ: ಕರೆಂಟು ತೆಗೆದ ಮೇಲೂ ಕೆಪಾಸಿಟರ್ ಚಾರ್ಜ್ ಹಿಡ್ಕೊಂಡಿರುತ್ತೆ. ಹಳೇ ಕಾಲದ 100 ವ್ಯಾಟ್ ಬಲ್ಬಿನ ಎರಡು ವೈರನ್ನ ಅದರ ಎರಡು ತುದಿಗೆ ಮುಟ್ಟಿಸಿ ಖಾಲಿ ಮಾಡಿ, ಆಮೇಲೆ ಬಿಚ್ಚು. ಹಳೇದರ ಮೈಮೇಲೆ ಬರೆದಷ್ಟೇ ಮೈಕ್ರೋಫ್ಯಾರಡ್ (ಕೆಪಾಸಿಟರಿನ ಅಳತೆ) ಇರೋದು ಹಾಕು. ವೋಲ್ಟೇಜ್ ಹೆಚ್ಚಿದ್ರೆ ಪರವಾಗಿಲ್ಲ, ಕಡಿಮೆ ಬೇಡ.

ಸೀನ: ಜಾಸ್ತಿ ಮೈಕ್ರೋಫ್ಯಾರಡ್ ಹಾಕಿದ್ರೆ ಜೋರಾಗಿ ಏಳಲ್ವಾ?

ಮಂಜ: ಏಳುತ್ತೆ, ಹೊಗೆ.

ರಾಜಣ್ಣ: ಇನ್ನು ಮೇಲೇರುತ್ತೆ, ಕೆಳಗಿಳಿಯಲ್ಲ ಅನ್ನೋ ಕಾಯಿಲೆ. ಕಂಟ್ರೋಲ್ ಪೆಟ್ಟಿಗೆಯಲ್ಲಿ ಮೋಟರಿಗೆ ಕರೆಂಟು ಬಿಡೋ ಸ್ವಿಚ್ಚು ರಿಲೇ ‘ಟಕ್’ ಅಂದ್ರೂ ಮೋಟರ್ ಸುಮ್ಮನಿದ್ರೆ, ಶಟರನ್ನ ಕೆಳಗೆ ನಿಲ್ಲಿಸೋ ಲಿಮಿಟ್ ಸ್ವಿಚ್ ಅಂಟಿಕೊಂಡಿರಬೇಕು, ಇಲ್ಲವೇ ರಿಲೇ ಕಾಂಟ್ಯಾಕ್ಟ್ ಸುಟ್ಟಿರಬೇಕು. ಆ ಸ್ವಿಚ್ಚನ್ನ ಒತ್ತೋ ಲಿಮಿಟ್ ನಟ್ ಜಾರಿದ್ರೆ ಇನ್ನೂ ಮಜಾ: ನೆಲ ಮುಟ್ಟಿದ ಮೇಲೂ ನಿಲ್ಲದೆ ಸುತ್ತಿ, ಮೇಲೆ ಡ್ರಮ್ಮಲ್ಲಿ ಉಲ್ಟಾ ಸುತ್ತಿಕೊಳ್ಳುತ್ತೆ. ಆಗ ‘ಇಳಿ’ ಅಂದ್ರೆ ಏರುತ್ತೆ.

ಸೀನ: ನಮ್ಮ ಪಕ್ಷಗಳ ಥರ.

ರಾಜಣ್ಣ: ಸರಿಮಾಡುವಾಗ ಆ ನಟ್ಟನ್ನ ಅರ್ಧ ತಿರುವಷ್ಟೇ ತಿರುಗಿಸು, ಓಡಿಸಿ ನೋಡು, ಮತ್ತೆ ಅರ್ಧ. ಬ್ರೇಕ್ ಬಿಡಿಸೋ ಹಗ್ಗ ಎಳೆಯುವಾಗ ಶಟರ್ ಕೆಳಗೆ ಯಾರೂ ಇರಬಾರದು. ತನ್ನ ಭಾರಕ್ಕೇ ದಡಾರ್ ಅಂತ ಬರುತ್ತೆ.

ಸೀನ: ಅಷ್ಟೆಲ್ಲ ಯಾಕೆ? ನಾಲ್ಕು ಸಲ ಕುಟ್ಟಿ, ಚಾ ಕುಡಿದು ಬಂದ್ರೆ ತಾನೇ ಓಡುತ್ತಪ್ಪ.

ಮಂಜ: ಓಡುತ್ತೆ. ಈ ಮೋಟರುಗಳಲ್ಲಿ ಬಹಳಷ್ಟು ಸತತ ನಾಲ್ಕೈದು ನಿಮಿಷಕ್ಕಷ್ಟೇ ಮಾಡಿದ್ದು. ಮಕ್ಕಳಾಟ ಅಂತ ಮೇಲೆ ಕೆಳಗೆ ಮಾಡ್ತಿದ್ರೆ ಬಿಸಿಯಾಗಿ ಬಿಸಿಗೆ ಕರೆಂಟು ಕಡಿಯೋ ಒಳಗಿನ ಥರ್ಮಲ್ ಸ್ವಿಚ್ಚು ಕಟ್ಟಾಗುತ್ತೆ, ಅರ್ಧ ಗಂಟೆ ತಣ್ಣಗಾದ್ರೆ ಎದ್ದು ಕೂರುತ್ತೆ. ವಾಸಿ ಮಾಡಿದ್ದು ಚಾ ಕುಡಿದ ಹೊತ್ತು, ಹೆಸರು ಕುಟ್ಟಿದವನಿಗೆ.

ಸೀನ: ಹಾಗಾದ್ರೆ ಚಾ ದುಡ್ಡು ರಿಪೇರಿ ಲೆಕ್ಕಕ್ಕೆ ಬರೀರಿ.