ಪದಚರ್ಚೆ: ‘ರೇಂಜ್‌ಫೈಂಡರ್’ ಕ್ಯಾಮೆರಾಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಡಿಜಿಟಲ್ ಬಿಟ್ಟು ರೀಲು ಹಾಕುವ ರೇಂಜ್‌ಫೈಂಡರ್ ಕ್ಯಾಮೆರಾವನ್ನೇ ಯಾಕೆ ಆರಿಸಿಕೊಳ್ಳಬೇಕು ಅಂತ ಒಂದು ಲೇಖನ ಬರೆಯುತ್ತಿದ್ದೇನೆ. ಈಗಷ್ಟೇ ಫೋಟೋ ತೆಗೆಯೋದು ಕಲಿಯುತ್ತಿರುವವರು ಓದಲಿ ಅನ್ನೋ ಆಸೆ. ಆದರೆ ಮೊದಲ ಸಾಲಿಗೇ ಪದ ಸಿಗುತ್ತಿಲ್ಲ. ಲೆನ್ಸು, ಶಟರು, ಫೋಕಸ್ಸು ಇವೆಲ್ಲ ನಮ್ಮ ಮಾತೇ ಆಗಿಹೋಗಿವೆ, ಅವನ್ನು ಬದಲಾಯಿಸುವ ಯೋಚನೆ ನನಗಿಲ್ಲ. ‘ರೇಂಜ್‌ಫೈಂಡರ್’ ಹಾಗಲ್ಲ. ಆ ಹೆಸರು ಕೇಳಿದರೆ ಕನ್ನಡದವರ ಕಣ್ಣ ಮುಂದೆ ಏನೂ ಬರುವುದಿಲ್ಲ. ಈ ಕ್ಯಾಮೆರಾವನ್ನು ಇಷ್ಟಪಡುವವರು ಅದು ಜಗತ್ತನ್ನು ತೋರಿಸುವ ರೀತಿಗಾಗಿಯೇ ಇಷ್ಟಪಡೋದು, ಹಾಗಾಗಿ ಹೆಸರಲ್ಲೇ ಅದರ ಒಂದಿಷ್ಟು ಸುಳಿವು ಇರಬೇಕು ಅಂತ ನನ್ನ ಹಟ.

ನೋಡದೇ ಇರುವವರಿಗಾಗಿ ಅದು ಕೆಲಸ ಮಾಡುವ ಬಗೆ ಹೇಳಿಬಿಡುತ್ತೇನೆ. ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ನಾವು ಲೆನ್ಸಿನ ಮೂಲಕವೇ ನೋಡುತ್ತೇವೆ, ಒಳಗಿರುವ ಕನ್ನಡಿ ಬೆಳಕನ್ನು ಕಣ್ಣಿಗೆ ಕಳಿಸುತ್ತದೆ. ರೇಂಜ್‌ಫೈಂಡರಿನಲ್ಲಿ ಆ ಕನ್ನಡಿ ಇಲ್ಲ. ಲೆನ್ಸಿಗಿಂತ ಮೇಲೆ, ಪಕ್ಕದಲ್ಲಿ, ಬೇರೆಯೇ ಒಂದು ಗಾಜಿನ ಕಿಂಡಿ ಇರುತ್ತದೆ. ಅದರಿಂದ ಕೆಲವು ಸೆಂಟಿಮೀಟರ್ ಆಚೆ ಇನ್ನೊಂದು ಚಿಕ್ಕ ಕಿಂಡಿ. ಆ ಎರಡನೇ ಕಿಂಡಿಯಿಂದ ಬಂದ ಬಿಂಬವನ್ನು ಮೊದಲನೆಯದರ ನಡುವೆ ಒಂದು ಸಣ್ಣ ಚೌಕದಲ್ಲಿ ಹಾಯಿಸುತ್ತಾರೆ. ಫೋಕಸ್ ಸರಿ ಇಲ್ಲದಿದ್ದರೆ ಎದುರಿನ ಲೈಟುಕಂಬ ಆ ಚೌಕದೊಳಗೆ ಎರಡಾಗಿ ಕಾಣುತ್ತದೆ. ಲೆನ್ಸಿನ ಬಳೆ ತಿರುಗಿಸುತ್ತಾ ಹೋದರೆ ಎರಡೂ ಹತ್ತಿರ ಬಂದು ಒಂದರ ಮೇಲೊಂದು ಕೂರುತ್ತವೆ. ಕೂತರೆ ಫೋಕಸ್ ಆಯಿತು ಅಂತ ಅರ್ಥ. ಅಷ್ಟೇ.

ಇಂಗ್ಲಿಷಿನ ಹೆಸರಿಗೆ ದೂರ ಕಂಡುಹಿಡಿಯುವ ಸಾಧನ ಅಂತ ಅರ್ಥ, ಅದು ಬಂದಿರೋದು ಯುದ್ಧದಿಂದ. ಫಿರಂಗಿಯ ಗುಂಡು ಎಷ್ಟು ದೂರ ಹೋಗಬೇಕು ಅಂತ ಲೆಕ್ಕ ಹಾಕಲು ಸೈನ್ಯ, ನೌಕಾದಳಗಳು ಉದ್ದನೆಯ ಕೊಳವೆಯಂಥ ಉಪಕರಣ ಇಟ್ಟುಕೊಂಡಿದ್ದವು. ಗ್ಲಾಸ್ಗೋದ ಬಾರ್ ಅಂಡ್ ಸ್ಟ್ರೌಡ್ ಕಂಪನಿ ಬ್ರಿಟಿಷ್ ಹಡಗುಗಳಿಗೆ ಇದನ್ನು ಮಾಡಿಕೊಡುತ್ತಿತ್ತು. ಎರಡು ಕಿಂಡಿಯ ಬಿಂಬ ಕೂಡಿಸಿ ದೂರ ಅಳೆಯುವ ಅದೇ ತತ್ವ ಚಿಕ್ಕದಾಗಿ 1932ರಲ್ಲಿ ಲೈಕಾ 2 ಮತ್ತು ಕಾಂಟ್ಯಾಕ್ಸ್ ಕ್ಯಾಮೆರಾಗಳ ಒಳಗೆ ಸೇರಿತು, ಲೆನ್ಸಿಗೂ ಅದಕ್ಕೂ ಕೊಂಡಿ ಹಾಕಿದರು. ರಷ್ಯನ್ನಿನ ‘ದಾಲ್ನಮೇರ್’, ಜಪಾನಿಯ ‘ಕ್ಯೋರಿಕೆಯಿ’ ಎರಡೂ ದೂರ ಅಳೆಯುವ ಸಾಧನ ಅಂತಲೇ ಹೇಳುತ್ತವೆ. ಜರ್ಮನ್ನರ ಹೆಸರು ನನಗೆ ಜಾಸ್ತಿ ಇಷ್ಟ: ‘ಮೆಸ್‌ಝೂಖರ್’. ಅಳೆಯೋದು ಮತ್ತು ಹುಡುಕಿ ನೋಡೋದು, ಎರಡೂ ಒಂದೇ ಪದದಲ್ಲಿ. ಲೈಕಾ ಎಂ ಸರಣಿಯಲ್ಲಿರುವ ‘ಎಂ’ ಇದೇ ಪದದ ಮೊದಲ ಅಕ್ಷರ. ಅದಕ್ಕೂ ಕಾರಣ ಇದೆ. ಹಳೆಯ ಲೈಕಾಗಳಲ್ಲಿ ದೂರ ಅಳೆಯಲು ಒಂದು ಕಿಂಡಿಗೆ ಕಣ್ಣಿಡಬೇಕು, ಚಿತ್ರ ಎಲ್ಲಿಂದ ಎಲ್ಲಿವರೆಗೆ ಅಂತ ನೋಡಲು ಇನ್ನೊಂದಕ್ಕೆ. 1936ರ ಕಾಂಟ್ಯಾಕ್ಸ್ 2 ಆ ಎರಡನ್ನೂ ಒಂದೇ ಕಿಂಡಿಗೆ ತಂದಿತು, ಲೈಕಾ ಅದನ್ನು ಮಾಡಿದ್ದು 1954ರ ಎಂ3ರಲ್ಲಿ.

ಈಗ ನಮ್ಮ ಪದಕ್ಕೆ ಬರುತ್ತೇನೆ.

‘ದೂರಮಾಪಕ’ ಅಂದರೆ ತಪ್ಪೇನಿಲ್ಲ. ಆದರೆ ಅದು ಜಮೀನು ಅಳೆಯುವವರ ಸಾಮಾನಿನಂತೆ ಕೇಳಿಸುತ್ತದೆ, ನೋಡೋದು ಅದರಲ್ಲಿ ಇಲ್ಲವೇ ಇಲ್ಲ. ‘ಕಣ್ಣಳತೆ’ ಎಷ್ಟು ಚೆಂದದ ಪದ! ಕೂಗಳತೆ, ಕೈಯಳತೆ ಇದ್ದ ಹಾಗೆ. ಆದರೆ ಕಣ್ಣಳತೆ ಅಂದರೆ ಅಂದಾಜು. ಹತ್ತು ಅಡಿ ಇರಬಹುದು ಅಂತ ಊಹಿಸಿ ಲೆನ್ಸಿನ ಮೇಲಿನ ಗುರುತಿಗೆ ಬಳೆ ತಿರುಗಿಸುವ ಅಗ್ಗದ ಕ್ಯಾಮೆರಾಗಳಿದ್ದವಲ್ಲ, ಆ ಪದ ಅವಕ್ಕೆ ಸರಿ. ಇದು ಅಂದಾಜನ್ನು ತಪ್ಪಿಸಲೆಂದೇ ಹುಟ್ಟಿದ್ದು.

ಕಿಂಡಿ ಅನ್ನೋ ಪದದ ಮೇಲೆ ನನಗೆ ಮೋಹ. ಉಡುಪಿಯ ಕನಕನ ಕಿಂಡಿ ಗೊತ್ತಿಲ್ಲದವರು ಯಾರು? ಚಿಕ್ಕ ತೂತಿನಲ್ಲಿ ಕಣ್ಣಿಟ್ಟು ಗಮನವಿಟ್ಟು ನೋಡೋದು ಅನ್ನುವ ಅರ್ಥ ಅದರೊಳಗೇ ಇದೆ. ‘ಅಳತೆ’ಗೆ ಸೇರಿಸೋಣ ಅಂದರೆ ವ್ಯಾಕರಣ ಅಡ್ಡ ಬರುತ್ತದೆ. ಮಳೆ ಮತ್ತು ಕಾಲ ಸೇರಿ ಮಳೆಗಾಲ ಆದ ಹಾಗೆ ಇದು ‘ಅಳತೆಗಿಂಡಿ’ ಆಗುತ್ತದೆ, ಕೇಳಿದವರು ನೀರಿನ ಗಿಂಡಿ ಅಂದುಕೊಳ್ಳುತ್ತಾರೆ. ಸಂಧಿ ಮಾಡದೆ ‘ಅಳತೆಕಿಂಡಿ’ ಅಂತ ಬಿಡಬಹುದಾ? ನನ್ನ ಕಿವಿಗೆ ಒರಟು ಅನ್ನಿಸುತ್ತದೆ, ನಿಮಗೆ ಹೇಗೋ ಹೇಳಿ. ಬರೀ ‘ಕಿಂಡಿ ಕ್ಯಾಮೆರಾ’ ಅಂದರೆ ಶಾಲೆಯ ಪುಸ್ತಕದ ಸೂಜಿರಂಧ್ರ ಕ್ಯಾಮೆರಾ ಜೊತೆ ಗೊಂದಲ.

ಸದ್ಯಕ್ಕೆ ನಾನು ಒಲಿದಿರೋದು ‘ಕೂಡುಬಿಂಬ’ಕ್ಕೆ. ಕೂಡುಬಿಂಬದ ಕ್ಯಾಮೆರಾ. ಕಲಿಯುವವರಿಗೆ ಏನು ಮಾಡಬೇಕು ಅನ್ನೋದು ಹೆಸರಲ್ಲೇ ಸಿಗುತ್ತದೆ: ಬಿಂಬಗಳನ್ನು ಕೂಡಿಸು. ಹಳೆಯ ಎಸ್‌ಎಲ್‌ಆರ್‌ಗಳಲ್ಲೂ ನಡುವೆ ಒಂದು ವೃತ್ತದಲ್ಲಿ ಬಿಂಬ ತುಂಡಾಗಿ ಮತ್ತೆ ಸೇರುತ್ತದಲ್ಲ ಅಂತ ಯಾರಾದರೂ ಕೇಳಬಹುದು. ಅದು ಸೀಳಿದ ಬಿಂಬ, ಇದು ಒಂದರ ಮೇಲೊಂದು ಕೂರುವ ಬಿಂಬ. ಬೇರೆ ಹೆಸರೇ ಇರಲಿ.

ಎರಡನೇ ಪದ ನನಗೆ ಇದಕ್ಕಿಂತ ಮುಖ್ಯ. ಈ ಕಿಂಡಿಯೊಳಗೆ ನೋಡಿದರೆ ಬಿಳಿ ಗೆರೆಗಳ ಒಂದು ಚೌಕಟ್ಟು ತೇಲುತ್ತಿರುತ್ತದೆ. ಎಂ3ರಲ್ಲಿ 50, 90, 135 ಮಿಲಿಮೀಟರ್ ಲೆನ್ಸುಗಳಿಗೆ (ಅಂಕಿ ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಬರುತ್ತದೆ) ಬೇರೆ ಬೇರೆ ಗೆರೆ, ಲೆನ್ಸು ಹಾಕಿದ ಕೂಡಲೇ ಅದರದ್ದೇ ಗೆರೆ ಕಾಣಿಸಿಕೊಳ್ಳುತ್ತದೆ. ಗೆರೆಯ ಒಳಗಿರೋದು ಚಿತ್ರದಲ್ಲಿ ಬರುತ್ತದೆ. ಆದರೆ ಗೆರೆಯ ಆಚೆ ಇರೋದೂ ಕಾಣುತ್ತದೆ! ಸಂತೆಯಲ್ಲಿ ನಿಂತಿದ್ದೀರಿ, ಸೈಕಲ್ಲಿನವನೊಬ್ಬ ಎಡಗಡೆಯಿಂದ ಬರುತ್ತಿದ್ದಾನೆ, ಅವನು ಗೆರೆ ದಾಟಿ ಒಳಗೆ ಬರುವ ಮೊದಲೇ ನಿಮಗೆ ಗೊತ್ತು, ಕಾದು ಒತ್ತುತ್ತೀರಿ. ಒತ್ತಿದ ಕ್ಷಣದಲ್ಲೂ ಕಿಂಡಿ ಕಪ್ಪಾಗುವುದಿಲ್ಲ, ಮೇಲೇಳುವ ಕನ್ನಡಿ ಇಲ್ಲವಲ್ಲ. ಸದ್ದೂ ಕಡಿಮೆ. ಎಸ್‌ಎಲ್‌ಆರ್‌ನಲ್ಲಾಗಲಿ, ಹೆಚ್ಚಿನ ಫೋನುಗಳಲ್ಲಾಗಲಿ ನಿಮಗೆ ಕಾಣೋದು ಚಿತ್ರದಲ್ಲಿ ಬರುವಷ್ಟೇ. ಇಲ್ಲಿ ಊರೆಲ್ಲ ಕಾಣುತ್ತದೆ, ಅದರಲ್ಲಿ ಎಷ್ಟು ಬೇಕು ಅಂತ ನೀವು ಗೆರೆ ಹಾಕಿಕೊಳ್ಳುತ್ತೀರಿ. ಫ್ರಾನ್ಸಿನ ಫೋಟೋಗ್ರಾಫರ್ ಆನ್ರಿ ಕಾರ್ತಿಯೆ-ಬ್ರೆಸೋಂ ಥರದವರು ಬೀದಿಯಲ್ಲಿ ಲೈಕಾ ಹಿಡಿದು ಓಡಾಡಿದ್ದಕ್ಕೆ ಇದೂ ಒಂದು ದೊಡ್ಡ ಕಾರಣ ಅಂತ ನಾನು ನಂಬಿದ್ದೇನೆ. ಈ ಗೆರೆಗೆ ‘ಎಲ್ಲೆಗೆರೆ’ ಅನ್ನೋಣವಾ? ಹೊಲದ ಎಲ್ಲೆ ಅನ್ನುತ್ತೇವಲ್ಲ, ಆಚೆಗೂ ನೆಲ ಇದೆ ಅನ್ನೋದು ಆ ಮಾತಿನಲ್ಲೇ ಇದೆ. ‘ಚೌಕಟ್ಟು’ ಅಂದರೆ ಗೋಡೆಗೆ ಹಾಕಿದ ಪಟದಂತೆ ಮುಚ್ಚಿಬಿಡುತ್ತದೆ.

ಕಿಂಡಿ ಒಂದು ಕಡೆ, ಲೆನ್ಸು ಇನ್ನೊಂದು ಕಡೆ ಇರುವುದರಿಂದ ಹತ್ತಿರದ ವಸ್ತು ತೆಗೆಯುವಾಗ ಕಂಡದ್ದಕ್ಕೂ ಬಂದದ್ದಕ್ಕೂ ಸ್ವಲ್ಪ ವ್ಯತ್ಯಾಸ ಬರುತ್ತದೆ. ಇದು ಪ್ಯಾರಲಾಕ್ಸ್. ನಮ್ಮ ಹಳೆಯ ಜ್ಯೋತಿಷದಲ್ಲಿ ಇದಕ್ಕೆ ‘ಲಂಬನ’ ಅಂತಿದೆ, ಸೂರ್ಯಸಿದ್ಧಾಂತದ ಗ್ರಹಣದ ಲೆಕ್ಕದಲ್ಲಿ ಬರುತ್ತದೆ. ಎರಡು ಜಾಗದಿಂದ ನೋಡಿದಾಗ ವಸ್ತು ಸರಿದಂತೆ ಕಾಣೋದು ಅನ್ನೋ ಅರ್ಥ ಸರಿಯಾಗಿಯೇ ಕೂರುತ್ತದೆ. ಆದರೂ ಸಾಮಾನ್ಯ ಓದುಗರಿಗೆ ‘ನೋಟದ ಸರಿತ’ ಅಂದರೆ ಸಾಕೇನೋ.

ಈ ಕ್ಯಾಮೆರಾ ಎಲ್ಲದಕ್ಕೂ ಆಗುವುದಿಲ್ಲ, ಅದನ್ನೂ ಲೇಖನದಲ್ಲಿ ಬರೆಯುತ್ತೇನೆ. 135 ಮಿಲಿಮೀಟರಿಗಿಂತ ಉದ್ದದ ಲೆನ್ಸು ಇದಕ್ಕೆ ಒಗ್ಗುವುದಿಲ್ಲ. ಎಲೆಯ ಮೇಲಿನ ಹುಳುವಿನ ಹತ್ತಿರಕ್ಕೆ ಹೋಗಲೂ ಆಗುವುದಿಲ್ಲ, ಹೆಚ್ಚಿನ ಲೆನ್ಸುಗಳು 70 ಸೆಂಟಿಮೀಟರಿಂದ 1 ಮೀಟರ್ ದೂರದಲ್ಲೇ ನಿಂತುಬಿಡುತ್ತವೆ. ತೇಜಸ್ವಿಯವರ ಹಕ್ಕಿಗಳನ್ನು ನೋಡುತ್ತಾ, ಪೆರುಮಾಳ್, ಹನುಮಂತರಾವ್ ಅವರ ಕಾಡಿನ ಚಿತ್ರಗಳನ್ನು ಮೆಚ್ಚುತ್ತಾ ಕ್ಯಾಮೆರಾದ ಆಸೆ ಹಚ್ಚಿಕೊಂಡವರು ನಾವು. ಹಾಗಾಗಿ ಕ್ಯಾಮೆರಾ ಅಂದರೆ ಉದ್ದ ಲೆನ್ಸಿನ ಎಸ್‌ಎಲ್‌ಆರ್ ಅನ್ನೋದು ನಮ್ಮಲ್ಲಿ ಬೇರೂರಿದೆ. ಕೂಡುಬಿಂಬಕ್ಕೆ ನಮ್ಮಲ್ಲಿ ಪದ ಬೆಳೆಯದೇ ಇದ್ದಿದ್ದು ಇದರಿಂದ ಇರಬಹುದು.

ಇನ್ನು ಡಿಜಿಟಲ್. ಕೂಡುಬಿಂಬ ಇರುವ ಡಿಜಿಟಲ್ ಕ್ಯಾಮೆರಾಗಳೂ ಇವೆ: 2004ರಲ್ಲಿ ಎಪ್ಸನ್ ಆರ್-ಡಿ1 ಬಂತು, 2006ರಲ್ಲಿ ಲೈಕಾ ಎಂ8. ಹಾಗಾದರೆ ರೀಲು ಯಾಕೆ? ದುಡ್ಡು ಒಂದು ಕಾರಣ. ಹೊಸ ಡಿಜಿಟಲ್ ಲೈಕಾಕ್ಕೆ ಹಲವು ಲಕ್ಷ ಬೇಕು, ಹಳೆಯ ಕ್ಯಾನೊನೆಟ್, ಯಾಶಿಕಾ ಎಲೆಕ್ಟ್ರೋ 35, ರಷ್ಯದ ಜೋರ್ಕಿ ಅದರ ಎದುರು ತುಂಬಾ ಅಗ್ಗ. ಆದರೆ ನನಗೆ ದೊಡ್ಡ ಕಾರಣ ಬೆನ್ನಿನ ಪರದೆ. ಕಿಂಡಿಯಲ್ಲಿ ಅಷ್ಟು ಚೆನ್ನಾಗಿ ನೋಡುತ್ತಿದ್ದವರು ಒತ್ತಿದ ಕೂಡಲೇ ತಲೆ ತಗ್ಗಿಸಿ ಪರದೆ ನೋಡುತ್ತಾರೆ, ಅಷ್ಟರಲ್ಲಿ ಎದುರಿನ ಬೀದಿ ಮುಂದೆ ಹೋಗಿರುತ್ತದೆ. ಲೈಕಾದವರೇ 2016ರಲ್ಲಿ ಪರದೆಯಿಲ್ಲದ ಡಿಜಿಟಲ್ ಕ್ಯಾಮೆರಾ, ಎಂ-ಡಿ ಅನ್ನೋದನ್ನು ಮಾಡಿದರು ಅಂದಮೇಲೆ ಇದು ನನ್ನೊಬ್ಬನ ಕೊರಗಲ್ಲ. ರೀಲಿನಲ್ಲಿ ನೋಡಲು ಏನೂ ಇರುವುದಿಲ್ಲ. ಬೆಳಕು ಬಿದ್ದ ಬೆಳ್ಳಿಯ ಹರಳುಗಳಲ್ಲಿ ಚಿತ್ರ ಕಾಣದೆ ಕೂತಿರುತ್ತದೆ, ತೊಳೆಯುವವರೆಗೂ. ಅದಕ್ಕೆ ‘ಸುಪ್ತಬಿಂಬ’ ಅನ್ನಬಹುದು, ‘ಅಡಗುಬಿಂಬ’ ಅಂದರೆ ಇನ್ನೂ ಚೆಂದ.

‘ತೊಳೆಸು’ ಅನ್ನೋ ಕ್ರಿಯಾಪದವನ್ನು ದಯವಿಟ್ಟು ಯಾರೂ ಬಿಡಬೇಡಿ. ‘ರೀಲು ತೊಳೆಸೋಕೆ ಕೊಟ್ಟಿದ್ದೀನಿ’ ಅಂತ ನಾವೆಲ್ಲ ಅಂದವರೇ. ನೀರಿನಲ್ಲಿ ತೊಳೆಯೋದು ಆ ಕೆಲಸದ ಕೊನೆಯ ಹಂತ ಮಾತ್ರ, ಆದರೂ ಸ್ಟುಡಿಯೋದವರು ಇಡೀ ಕೆಲಸಕ್ಕೆ ಆ ಪದ ಕೊಟ್ಟರು, ನಿಂತಿತು. ಈಗಿನವರು ‘ಡೆವಲಪ್ ಮಾಡಿಸು’ ಅನ್ನುತ್ತಾರೆ. ‘ರೀಲು’ ಮಾತ್ರ ಸ್ವಲ್ಪ ತೊಂದರೆ ಕೊಡುತ್ತಿದೆ. ರೀಲು ಬಿಡೋದು ಮೊದಲಿಂದಲೂ ಇತ್ತು, ಈಗ ಫೋನಿನ ರೀಲ್ಸು ಬಂದು ‘ಒಂದು ರೀಲು ಮುಗಿಸಿದೆ’ ಅಂದರೆ ಹುಡುಗರಿಗೆ ಬೇರೆಯೇ ಅರ್ಥ. ‘ಫಿಲಂ’ ಅಂದರೆ ಸಿನಿಮಾ. ಲೇಖನದಲ್ಲಿ ಮೊದಲ ಸಲ ‘36 ಫೋಟೋದ ರೀಲು’ ಅಂತ ಬರೆದು, ಆಮೇಲೆ ರೀಲು ಅಂತಲೇ ಮುಂದುವರಿಸೋಣ ಅಂದುಕೊಂಡಿದ್ದೇನೆ.

ನಿಮ್ಮಲ್ಲಿ ಯಾರ ಮನೆಯವರಾದರೂ ಸ್ಟುಡಿಯೋ ಇಟ್ಟಿದ್ದರೆ, ಪತ್ರಿಕೆಗೆ ಫೋಟೋ ತೆಗೆಯುತ್ತಿದ್ದರೆ, ಅವರನ್ನು ಕೇಳಿ ನೋಡಿ: ಆ ಬಿಂಬ ಒಂದಾಗೋದಕ್ಕೆ ಅವರು ಕೂಡೋದು ಅನ್ನುತ್ತಿದ್ದರಾ, ಕೂರೋದು ಅನ್ನುತ್ತಿದ್ದರಾ, ಮತ್ತೇನಾದರೂ ಅನ್ನುತ್ತಿದ್ದರಾ? ಹುಬ್ಬಳ್ಳಿ, ಕಲಬುರಗಿ ಕಡೆಯ ಮಾತು, ಮಂಗಳೂರಿನ ಮಾತು ಬೇರೆ ಇರಬಹುದು, ಅವೂ ಬೇಕು. ಕೈಯಲ್ಲಿ ಕೆಲಸ ಮಾಡಿದವರ ಬಾಯಲ್ಲಿ ಒಂದು ಪದ ಇದ್ದರೆ ನನ್ನ ಕೂಡುಬಿಂಬವನ್ನು ಈಗಲೇ ಬಿಟ್ಟು ಅದನ್ನೇ ಹಾಕುತ್ತೇನೆ.